ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಏನು ಮಾಡುತ್ತಿರುತ್ತೀರಿ?

2025ರ ಜುಲೈನಲ್ಲಿ ಟಿಸಿಎಸ್ ಕಂಪನಿ ಸುಮಾರು 12 ಸಾವಿರ ಜನರನ್ನು ಕೆಲಸದಿಂದ ಕಡಿಮೆ ಮಾಡುವುದಾಗಿ ಹೇಳಿತು. ಅವರ ಒಟ್ಟು ಸಿಬ್ಬಂದಿಯಲ್ಲಿ ಅದು ನೂರಕ್ಕೆ ಎರಡರಷ್ಟು. ಲೆಕ್ಕಕ್ಕೆ ಸಣ್ಣದೇ. ಆದರೆ ಆ ವಾರವಿಡೀ ನನ್ನ ಫೋನು ಸುಮ್ಮನಿರಲಿಲ್ಲ. ದಾವಣಗೆರೆಯಿಂದ ಚಿಕ್ಕಪ್ಪ ಕೇಳಿದರು, "ಹುಡುಗನ್ನ ಕಂಪ್ಯೂಟರ್ ಸೈನ್ಸ್‌ಗೆ ಹಾಕಿ ತಪ್ಪು ಮಾಡಿದ್ವೇನಪ್ಪಾ?" ಎರಡು ದಿನ ಬಿಟ್ಟು ಅದೇ ಹುಡುಗ ಫೋನ್ ಮಾಡಿದ. "ಅಣ್ಣ, ನಂಗೆ ಕೋಡಿಂಗೇ ಇಷ್ಟ ಇಲ್ಲ. ಅಪ್ಪಂಗೆ ಹೇಳ್ಬೇಡ." ಒಂದೇ ಮನೆ, ಎರಡು ಚಿಂತೆ. ಕೆಲಸ ಉಳಿಯುತ್ತಾ ಅಂತ ಅಪ್ಪನಿಗೆ, ಒಪ್ಪುತ್ತಾ ಅಂತ ಮಗನಿಗೆ.

ನಾನು ಕೆರಿಯರ್ ಕೌನ್ಸೆಲರ್ ಅಲ್ಲ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ ಪೀಣ್ಯದ ಮೆಷಿನ್ ಶಾಪ್‌ಗಳಲ್ಲಿ ಇಪ್ಪತ್ತು ವರ್ಷ ಕಳೆದವನು. ಈಗ ಹೊಸ ಹುಡುಗರನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಮೇಜಿನ ಆ ಕಡೆ ಕೂರುತ್ತೇನೆ, ಅಷ್ಟೇ. ಆದರೆ ಈ ವಿಷಯದ ಬಗ್ಗೆ ಐವತ್ತು ವರ್ಷದಿಂದ ಸಂಶೋಧನೆ ನಡೆದಿದೆ. ನಮ್ಮ ಮನೆಗಳಲ್ಲಿ ಅದರ ಮಾತು ಬರುವುದೇ ಇಲ್ಲ. ತಮ್ಮನಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಒಂದು ಗುಣಾಕಾರ. ವಾರಕ್ಕೆ 45 ಗಂಟೆ, ವರ್ಷಕ್ಕೆ 48 ವಾರ, 40 ವರ್ಷ. ಒಟ್ಟು 86,400 ಗಂಟೆ ಕೆಲಸ. ಒಂದು ದಿನದಲ್ಲಿರುವ ಸೆಕೆಂಡುಗಳೂ ಸರಿಯಾಗಿ 86,400. ಕಾಕತಾಳೀಯವೇ, ಆದರೆ ನೆನಪಿಡೋಕೆ ಅನುಕೂಲ. ಇಷ್ಟು ಗಂಟೆ ಎಲ್ಲಿ ಹೋಗುತ್ತೆ ಅಂತ ನಿರ್ಧರಿಸೋಕೆ ನಾವು ಕೊಡುವ ಸಮಯ ಎಷ್ಟು? ಸಿಇಟಿ ಕೌನ್ಸೆಲಿಂಗ್ ದಿನ ಪಕ್ಕದ ಮನೆಯವರ ಹತ್ತಿರ ಆಡುವ ಅರ್ಧ ಗಂಟೆ ಮಾತು.

## ಕೆಲಸ ಅಂದರೆ ಮೂರು ಥರ

"ಕೆಲಸ" ಅನ್ನುವ ಒಂದೇ ಪದದಲ್ಲಿ ನಾವು ಮೂರು ಬೇರೆ ವಿಷಯ ತುಂಬಿಬಿಟ್ಟಿದ್ದೇವೆ. ಜಗಳ ಶುರುವಾಗುವುದೇ ಅಲ್ಲಿ.

1997ರಲ್ಲಿ ಏಮಿ ರೆಜ್ನೆಸ್ಕಿ ಅನ್ನುವ ಅಮೆರಿಕದ ಸಂಶೋಧಕಿ ಮತ್ತು ಅವರ ಜೊತೆಗಾರರು ಇದನ್ನು ಬಿಡಿಸಿಟ್ಟರು. ಕೆಲವರಿಗೆ ಕೆಲಸ ಅಂದರೆ ಸಂಬಳ. ತಿಂಗಳ ಕೊನೆಗೆ ದುಡ್ಡು ಬಂದರೆ ಸಾಕು, ಬದುಕು ಇರುವುದು ಸಂಜೆ ಆರರ ಮೇಲೆ. ಕೆಲವರಿಗೆ ಅದು ಏಣಿ. ಈಗಿನ ಮೆಟ್ಟಿಲಿಗಿಂತ ಮೇಲಿನ ಮೆಟ್ಟಿಲಿನ ಮೇಲೆ ಕಣ್ಣು. ಮತ್ತೆ ಕೆಲವರಿಗೆ ಕೆಲಸವೇ ಕಾಯಕ. ದುಡ್ಡಿನ ಚಿಂತೆ ಇಲ್ಲದಿದ್ದರೂ ಮಾಡುತ್ತಿದ್ದರು.

ಡಾಕ್ಟರಿಗೆ ಕಾಯಕ, ಗುಮಾಸ್ತರಿಗೆ ಸಂಬಳ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಹಾಗೆ ಬರಲಿಲ್ಲ. ಅವರು ಮಾತಾಡಿಸಿದ ಎಲ್ಲರನ್ನೂ ಸೇರಿಸಿದರೆ ಮೂರೂ ಗುಂಪಿಗೆ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಬಂತು. ಅವರಲ್ಲಿ ಆಫೀಸ್ ಸಹಾಯಕರೂ ಇದ್ದರು, ಬರೀ 24 ಜನ. ಒಂದೇ ಥರದ ಹುದ್ದೆ. ಅವರೊಳಗೂ ಮೂರೂ ಥರದವರು ಹತ್ತಿರ ಹತ್ತಿರ ಸಮನಾಗಿ ಸಿಕ್ಕರು.

ಮೂರರಲ್ಲಿ ಯಾವುದೂ ಕೀಳಲ್ಲ. ಐದೂವರೆಗೆ ಟಿಫಿನ್ ಬಾಕ್ಸ್ ಮುಚ್ಚಿ ಮನೆಗೆ ಹೋಗಿ ಮಗಳಿಗೆ ಲೆಕ್ಕ ಹೇಳಿಕೊಡುವ ಆಪರೇಟರ್‌ಗಳನ್ನು ನೋಡಿದ್ದೇನೆ. ತುಂಬಾ ನೆಮ್ಮದಿಯ ಜನ. ನಿಮಗೆ ಬೇಕಿರೋದು ಯಾವುದು ಅಂತ ಗೊತ್ತಿಲ್ಲದೆ ಹುಡುಕಲು ಹೊರಟರೆ ಮಾತ್ರ ತಾಪತ್ರಯ.

## "ಇಷ್ಟದ್ದನ್ನೇ ಮಾಡು" ಅನ್ನೋ ಸಲಹೆ ಎಲ್ಲಿ ಎಡವುತ್ತೆ

ಸಲಹೆ ಕೇಳೋಕೆ ಚೆನ್ನಾಗಿದೆ. ಆದರೆ ಹದಿನೆಂಟು ವರ್ಷದ ಹುಡುಗನಿಗೆ ಇಷ್ಟ ಆಗುವ ವಸ್ತುಗಳನ್ನು ಬರೆಯಿರಿ: ಕ್ರಿಕೆಟ್, ಸಿನಿಮಾ, ಬೈಕ್, ಗೇಮ್ಸ್. ರಾಜ್ಯದಲ್ಲಿ ಕ್ರಿಕೆಟ್ ಇಷ್ಟಪಡುವವರು ಲಕ್ಷಗಟ್ಟಲೆ, ರಣಜಿ ಪಂದ್ಯಕ್ಕೆ ಕಣಕ್ಕಿಳಿಯುವವರು ಹನ್ನೊಂದು ಜನ. ಇಷ್ಟಕ್ಕೂ ಜಾಗಕ್ಕೂ ಲೆಕ್ಕ ಕೂಡುವುದಿಲ್ಲ.

ಇನ್ನೊಂದು ತೊಡಕಿದೆ. ನೋಡೋಕೆ ಇಷ್ಟ ಆಗೋದು ಬೇರೆ, ಮಾಡೋಕೆ ಇಷ್ಟ ಆಗೋದು ಬೇರೆ. ಅಡುಗೆ ಇಷ್ಟ ಅನ್ನುವವರು ಮನೆಯಲ್ಲಿ ಭಾನುವಾರ ಬಿರಿಯಾನಿ ಮಾಡಿ ಹೊಗಳಿಸಿಕೊಂಡವರು. ಹೋಟೆಲ್ ಅಡುಗೆಮನೆ ಅಂದರೆ ಬೆಳಗಿನ ಜಾವ ಎದ್ದು, ನಿನ್ನೆ ಮಾಡಿದ ಅದೇ ಸಾಂಬಾರನ್ನು ಇವತ್ತೂ ಅದೇ ರುಚಿಗೆ ತರೋದು, ನಾಳೆಯೂ, ನಾಡಿದ್ದೂ. ಎರಡರಲ್ಲೂ ಒಗ್ಗರಣೆ ಇದೆ ನಿಜ. ಹೋಲಿಕೆ ಅಲ್ಲಿಗೆ ಮುಗಿಯಿತು.

ಇಷ್ಟ ಎಷ್ಟೋ ಸಲ ಕೆಲಸ ಕಲಿತ ಮೇಲೆ ಬರುತ್ತೆ. ನನಗೆ ಲೇತ್ ಮೆಷಿನ್ ಇಷ್ಟ ಅಂತ ಯಾವತ್ತೂ ಅನ್ನಿಸಿರಲಿಲ್ಲ. ಮೊದಲ ಆರು ತಿಂಗಳು ಕೂಲೆಂಟ್ ವಾಸನೆಗೇ ತಲೆನೋವು. 20 ಮೈಕ್ರಾನ್, ಅಂದರೆ ಮಿಲಿಮೀಟರಿನ ಐವತ್ತನೇ ಒಂದು ಭಾಗಕ್ಕಿಂತ ಹೆಚ್ಚು ತಪ್ಪದ ಹಾಗೆ ಒಂದು ಶಾಫ್ಟ್ ನಾನೇ ತಿರುಗಿಸಿ, ಮೈಕ್ರೋಮೀಟರ್ ಇಟ್ಟು ನೋಡಿ, ಅದು ಓಕೆ ಆದ ದಿನ ಏನೋ ಬದಲಾಯಿತು. ಕೈ ಪಳಗದೆ ಇಷ್ಟ ಹುಟ್ಟಲಿ ಅಂದರೆ ಈಜು ಬಂದ ಮೇಲೆ ನೀರಿಗಿಳಿತೀನಿ ಅಂದ ಹಾಗೆ.

## ಕಾಲರ್ ಹೊಲಿಯುವವರು, ಊರಿನ ಟೈಲರ್

ಹಾಗಾದರೆ ಕೆಲಸ ಒಪ್ಪುವುದು ಯಾವುದರಿಂದ? ಇದಕ್ಕೆ ನನಗೆ ಸಿಕ್ಕ ಸ್ಪಷ್ಟ ಉತ್ತರ 1970ರ ದಶಕದ್ದು. ರಿಚರ್ಡ್ ಹ್ಯಾಕ್‌ಮನ್ ಮತ್ತು ಗ್ರೆಗ್ ಓಲ್ಡ್‌ಹ್ಯಾಮ್ ಅನ್ನುವ ಇಬ್ಬರು ಅಮೆರಿಕದವರು, ಮನುಷ್ಯನ ಬದಲು ಕೆಲಸವನ್ನೇ ಎದುರಿಗಿಟ್ಟುಕೊಂಡು ಪರೀಕ್ಷೆ ಮಾಡಿದರು. ಕೆಲಸದ ಐದು ಗುಣ ಗುರುತಿಸಿದರು. ಅವರ ಮಾತಿಗಿಂತ ನಮ್ಮ ಎರಡು ಅಂಗಿ ಉದಾಹರಣೆ ಸುಲಭ.

ಬೆಂಗಳೂರಿನ ಸುತ್ತ ಗಾರ್ಮೆಂಟ್ಸ್ ಕಾರ್ಖಾನೆಗಳಿವೆ. ಅಲ್ಲಿ ಒಂದು ಅಂಗಿಯನ್ನು ಯಾರೂ ಹೊಲಿಯುವುದಿಲ್ಲ. ಒಬ್ಬರು ಕಾಲರ್, ಒಬ್ಬರು ಕಫ್, ಒಬ್ಬರು ತೋಳು ಕೂಡಿಸೋದು, ಇನ್ನೊಬ್ಬರು ಕಾಜಾ. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್. ಈಗ ಊರಿನ ಬಸ್ ಸ್ಟ್ಯಾಂಡ್ ಹತ್ತಿರದ ಟೈಲರ್ ಅಂಗಡಿಗೆ ಬನ್ನಿ. ಮಷೀನು ಹೆಚ್ಚುಕಮ್ಮಿ ಅದೇ, ದಾರವೂ ಅದೇ, ಎಷ್ಟೋ ಸಲ ದುಡಿಮೆ ಕಾರ್ಖಾನೆಗಿಂತ ಕಡಿಮೆಯೇ. ಆದರೂ ಆತನಿಗೆ ಅಂಗಡಿ ಬಿಟ್ಟು ಲೈನ್‌ಗೆ ಸೇರು ಅಂದರೆ ಸುಲಭಕ್ಕೆ ಒಪ್ಪುವುದಿಲ್ಲ. ಯಾಕೆ?

ಆತ ಅಳತೆ ತೆಗೆಯುತ್ತಾನೆ, ಕತ್ತರಿಸುತ್ತಾನೆ, ಹೊಲಿಯುತ್ತಾನೆ, ಗಿರಾಕಿಯ ಹೊಟ್ಟೆ ಬಂದಿರೋದನ್ನು ಬೇಜಾರಾಗದ ಹಾಗೆ ಹೇಳುತ್ತಾನೆ. ಒಂದೇ ಕೈಗೆ ನಾಲ್ಕಾರು ಬಗೆಯ ಕೆಲಸ. ಇದು ಮೊದಲ ಗುಣ. ಬಟ್ಟೆಯ ತುಂಡು ಅಂಗಿಯಾಗಿ ಹ್ಯಾಂಗರ್‌ಗೆ ಏರುವ ತನಕ ಅವನದೇ. ಇದು ಎರಡನೆಯದು, ಕೆಲಸ ಪೂರ್ತಿಯಾಗಿ ನಮ್ಮದಾಗೋದು. ಆ ಅಂಗಿ ಯಾರ ಮದುವೆಗೆ ಅಂತ ಗೊತ್ತು. ತನ್ನ ಕೆಲಸ ಯಾರಿಗೆ ಬೇಕಾಗಿದೆ ಅಂತ ತಿಳಿದಿರೋದು ಮೂರನೆಯದು. ಇವತ್ತು ಯಾವುದನ್ನು ಮೊದಲು ಮುಗಿಸಬೇಕು, ಟೀ ಯಾವಾಗ ಕುಡಿಯಬೇಕು, ಎಲ್ಲ ಅವನ ಇಷ್ಟ. ಸ್ವಾತಂತ್ರ್ಯ, ನಾಲ್ಕನೆಯದು. ಇನ್ನು ಐದನೆಯದು, ಕೆಲಸ ಚೆನ್ನಾಗಾಯಿತೋ ಇಲ್ಲವೋ ಅಂತ ಬೇಗ ಗೊತ್ತಾಗೋದು. ಗಿರಾಕಿ ಅಂಗಿ ಹಾಕಿ ಕನ್ನಡಿ ಮುಂದೆ ನಿಂತಾಗ ಮುಖ ನೋಡಿದರೆ ಸಾಕು.

ಕಾಲರ್ ಹೊಲಿಯುವ ಹೆಣ್ಣುಮಗಳ ಕೈ ಟೈಲರ್ ಕೈಗಿಂತ ಚುರುಕು ಇರಬಹುದು. ಆದರೆ ಐದರಲ್ಲಿ ಬಹುಪಾಲು ಅವಳ ದಿನದಿಂದ ಕಿತ್ತುಕೊಂಡಾಗಿದೆ. ಅವಳಿಗೆ ಬೇಸರ ಬಂದರೆ ಅದು ಅವಳ ಸೋಮಾರಿತನ ಅಂತ ಹೇಳೋಕೆ ಬರುವುದಿಲ್ಲ.

ಈ ಐದನ್ನು ಆಫೀಸಿಗೂ ಹಚ್ಚಿ ನೋಡಬಹುದು. ಎಸಿ ಇದೆ, ಕಾಫಿ ಮಷೀನ್ ಇದೆ, ಆದರೆ ನೀವು ದಿನವಿಡೀ ತುಂಬುವ ಎಕ್ಸೆಲ್ ಶೀಟ್ ಎಲ್ಲಿಗೆ ಹೋಗುತ್ತೆ, ಯಾರು ಓದುತ್ತಾರೆ ಅಂತ ಗೊತ್ತಿಲ್ಲ ಅಂದರೆ ಅದೂ ಒಂಥರಾ ಕಾಲರ್ ಲೈನೇ. ಹಾಗಂತ ಎಲ್ಲರಿಗೂ ಐದೂ ಬೇಕೇ ಬೇಕು ಅಂತಲ್ಲ. ಹ್ಯಾಕ್‌ಮನ್, ಓಲ್ಡ್‌ಹ್ಯಾಮ್ ಅವರೇ ಹೇಳಿದ್ದಾರೆ, ಕಲಿತು ಬೆಳೆಯಬೇಕು ಅನ್ನುವ ಆಸೆ ಜಾಸ್ತಿ ಇರುವವರಿಗೆ ಇವು ಜಾಸ್ತಿ ಮುಖ್ಯ.

ಐದರ ಕೆಳಗೆ ಒಂದು ಅಡಿಪಾಯವೂ ಬೇಕು. ಮನೆ ನಡೆಯುವಷ್ಟು ಸಂಬಳ, ಸಮಯಕ್ಕೆ ಬರುವ ಸಂಬಳ, ಮರ್ಯಾದೆಯಿಂದ ಮಾತಾಡುವ ಮೇಲಿನವರು, ಸಹಿಸಬಹುದಾದ ಓಡಾಟ. ಬೆಂಗಳೂರಲ್ಲಿ ಸಿಲ್ಕ್ ಬೋರ್ಡ್ ದಾಟಿ ದಿನಾ ಎರಡು ಗಂಟೆ ಹೋಗಿ ಎರಡು ಗಂಟೆ ಬರುವುದಾದರೆ ಎಂಥಾ ಕಾಯಕವೂ ಆರು ತಿಂಗಳಲ್ಲಿ ಕಹಿಯಾಗುತ್ತೆ.

## ಮಂಗಳವಾರದ ಪ್ರಶ್ನೆ

ತಮ್ಮ "ಕೋಡಿಂಗ್ ಇಷ್ಟ ಇಲ್ಲ" ಅಂದಾಗ ನಾನು ಕೇಳಿದ್ದು, ಅದರಲ್ಲಿ ಏನು ಇಷ್ಟ ಇಲ್ಲ ಅಂತ. ಅವನಿಗೆ ಉತ್ತರ ಗೊತ್ತಿರಲಿಲ್ಲ. ಮಾತಾಡುತ್ತಾ ಹೋದ ಮೇಲೆ ಹೊರಬಂತು: ಪ್ರೋಗ್ರಾಂ ಅರ್ಥ ಆಗುತ್ತೆ, ಮಾರ್ಕ್ಸೂ ಬಂದಿದೆ, ಆದರೆ ಒಬ್ಬನೇ ಪರದೆ ನೋಡುತ್ತಾ ಕೂರೋದು ಆಗಲ್ಲ. ಕಾಲೇಜ್ ಫೆಸ್ಟ್‌ನಲ್ಲಿ ರಿಜಿಸ್ಟ್ರೇಷನ್ ಕೌಂಟರ್ ನೋಡಿಕೊಂಡ ಮೂರು ದಿನ ಊಟ ಮರೆತಿದ್ದನಂತೆ. ಅವನ ತಕರಾರು ಕಂಪ್ಯೂಟರ್ ಮೇಲಲ್ಲ, ಒಂಟಿಯಾಗಿ ಕೂರುವುದರ ಮೇಲೆ.

ಕೆಲಸದ ಹೆಸರು ನಮಗೆ ಇದ್ಯಾವುದನ್ನೂ ಹೇಳುವುದಿಲ್ಲ. "ಡೇಟಾ ಅನಲಿಸ್ಟ್", "ಕನ್ಸಲ್ಟೆಂಟ್", "ಮ್ಯಾನೇಜರ್" ಎಲ್ಲ ಬೋರ್ಡಿನ ಮೇಲಿನ ಹೆಸರು. ಒಳಗಿನ ದಿನ ಹೇಗಿರುತ್ತೆ ಅಂತ ಗೊತ್ತಾಗಬೇಕಾದರೆ ಆ ಕೆಲಸದಲ್ಲಿ ಎರಡು-ಮೂರು ವರ್ಷ ಇರುವವರನ್ನೇ ಕೇಳಬೇಕು. ಕೇಳಬೇಕಾದ ಪ್ರಶ್ನೆ: ಹೋದ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ನೀವು ಏನು ಮಾಡುತ್ತಿದ್ದಿರಿ?

ಮಂಗಳವಾರವೇ ಯಾಕೆ? ಸೋಮವಾರ ಮೀಟಿಂಗ್‌ಗಳ ದಿನ, ಶುಕ್ರವಾರ ಮನಸ್ಸು ಊರಿನ ಬಸ್ಸಿನಲ್ಲಿ ಇರುತ್ತೆ. ಮಂಗಳವಾರ ಏನೂ ವಿಶೇಷ ಇಲ್ಲದ ದಿನ. ಕೆಲಸದ ನಿಜವಾದ ಮುಖ ಇರೋದು ಅಂಥ ದಿನದಲ್ಲೇ. "ಕೆಲಸ ಹೇಗಿದೆ ಸಾರ್" ಅಂತ ಕೇಳಿದರೆ "ಪರವಾಗಿಲ್ಲ, ಚೆನ್ನಾಗಿದೆ" ಅಂತಾರೆ. ಮಂಗಳವಾರದ್ದು ಕೇಳಿದರೆ "ಕಸ್ಟಮರ್ ಬೈತಾ ಇದ್ದ, ಕೇಳ್ತಾ ಕೂತಿದ್ದೆ" ಅಂತ ಬರುತ್ತೆ. ಅದೇ ನಿಮಗೆ ಬೇಕಾದ ಮಾಹಿತಿ.

ಒಬ್ಬರನ್ನು ಕೇಳಿ ನಿಲ್ಲಿಸಬೇಡಿ. ಮೂವರನ್ನಾದರೂ ಕೇಳಿ, ಅದರಲ್ಲಿ ಒಬ್ಬರು ಆ ಕೆಲಸ ಬಿಟ್ಟವರಿರಲಿ. ಬಿಟ್ಟವರು ಬಿಡಿಸಿ ಹೇಳುತ್ತಾರೆ.

## ಹಾರುವ ಮುಂಚೆ ಕಾಲಿಟ್ಟು ನೋಡೋದು

ಮೊಬೈಲ್ ತಗೊಳ್ಳುವಾಗ ನಾಲ್ಕು ಅಂಗಡಿ ಸುತ್ತುತ್ತೇವೆ. ನಲವತ್ತು ವರ್ಷದ ಕೆಲಸಕ್ಕೆ ಮಾತ್ರ ಕಣ್ಣು ಮುಚ್ಚಿ ಹಾರುತ್ತೇವೆ. ಸಣ್ಣದಾಗಿ ಪರೀಕ್ಷೆ ಮಾಡಿ ನೋಡೋಕೆ ದಾರಿಗಳಿವೆ.

ಒಂದು, ಅಪ್ರೆಂಟಿಸ್‌ಶಿಪ್. ಅಂದರೆ ಕಾರ್ಖಾನೆ ಅಥವಾ ಆಫೀಸಿನಲ್ಲೇ ಕೆಲಸ ಕಲಿಯೋದು, ಜೊತೆಗೆ ತಿಂಗಳಿಗೆ ಇಷ್ಟು ಅಂತ ಸ್ಟೈಪೆಂಡ್ ಸಿಗೋದು. ಇದಕ್ಕೆ 1961ರಿಂದಲೇ ಕಾನೂನಿದೆ. ಐಟಿಐ ಮಾಡಿದವರಿಗೆ ಮಾತ್ರ ಅಂತ ಎಷ್ಟೋ ಜನ ತಿಳಿದಿದ್ದಾರೆ. ಡಿಪ್ಲೊಮಾ, ಡಿಗ್ರಿ ಆದವರಿಗೂ ಇದೆ, ನ್ಯಾಟ್ಸ್ ಅನ್ನುವ ಕೇಂದ್ರದ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಅಪ್ರೆಂಟಿಸ್ ಅಂದರೆ ಕಾಯಂ ನೌಕರ ಅಲ್ಲ, ಮುಗಿದ ಮೇಲೆ ಅಲ್ಲೇ ಕೆಲಸ ಕೊಡಲೇಬೇಕು ಅಂತಲೂ ಇಲ್ಲ. ಇದನ್ನು ಮೊದಲೇ ತಿಳಿದು ಹೋದರೆ ಆಮೇಲೆ ಬೇಜಾರಾಗಲ್ಲ.

ಸ್ವಂತ ಕೆಲಸ ಮಾಡಬೇಕು ಅನ್ನುವವರಿಗೆ ರುಡ್‌ಸೆಟಿ ಅನ್ನುವ ತರಬೇತಿ ಸಂಸ್ಥೆ ಇದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದದ್ದು. ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಕಟ್ಟಿದರು. ಮೊಬೈಲ್ ರಿಪೇರಿ, ಟೈಲರಿಂಗ್, ಫೋಟೋಗ್ರಫಿ ಥರದ ಕಸುಬುಗಳನ್ನು ಕೆಲವೇ ವಾರಗಳಲ್ಲಿ ಕಲಿಸುತ್ತಾರೆ. ಊಟ, ವಸತಿ ಸಹಿತ ಉಚಿತ. ಈ ಮಾದರಿ ನೋಡಿಯೇ ಆಮೇಲೆ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳು ಆರ್‌ಸೆಟಿ ಅನ್ನುವ ಇಂಥದ್ದೇ ತರಬೇತಿ ಕೇಂದ್ರಗಳನ್ನು ತೆರೆದವು. ನಮ್ಮ ಕರಾವಳಿಯ ಒಂದು ಸಣ್ಣ ಊರಿನ ಐಡಿಯಾ ದೇಶವೆಲ್ಲ ಸುತ್ತಿತು ಅಂತ ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತೇನೆ.

ಇದ್ಯಾವುದೂ ಆಗದಿದ್ದರೆ ಸುಮ್ನೆ ಪರಿಚಯದವರ ಜೊತೆ ಎರಡು ದಿನ ಕೂತು ಬನ್ನಿ. ಸಿಎ ಆಗಬೇಕು ಅನ್ನುವ ಹುಡುಗಿ ಮಾರ್ಚ್ ಕೊನೆಯ ವಾರ ಆಡಿಟರ್ ಆಫೀಸಿನಲ್ಲಿ ಎರಡು ದಿನ ಇದ್ದರೆ, ಒಂದು ವರ್ಷದ ಗೊಂದಲ ಅರ್ಧಕ್ಕೆ ಇಳಿಯುತ್ತೆ. ಈಗಾಗಲೇ ಕೆಲಸದಲ್ಲಿ ಇರುವವರು ರಾಜೀನಾಮೆ ಕೊಟ್ಟು ಪರೀಕ್ಷೆ ಮಾಡೋಕೆ ಹೋಗಬೇಡಿ. ಸಂಜೆಗೆ, ಭಾನುವಾರಕ್ಕೆ ಎಷ್ಟಾಗುತ್ತೋ ಅಷ್ಟು ಮಾಡಿ. ಬಿಡಲೇಬೇಕು ಅನ್ನಿಸಿದರೆ ಆರು ತಿಂಗಳ ಮನೆ ಖರ್ಚು ಮೊದಲು ಕೈಯಲ್ಲಿರಲಿ.

ಬಿಡದೇನೂ ಒಂದು ದಾರಿ ಇದೆ. ರೆಜ್ನೆಸ್ಕಿ ಮತ್ತು ಜೇನ್ ಡಟನ್ ಆಸ್ಪತ್ರೆಯಲ್ಲಿ ಕಸ ಗುಡಿಸುವವರನ್ನು ಮಾತಾಡಿಸಿದ್ದರು. ಒಂದು ಗುಂಪು "ಗುಡಿಸ್ತೀವಿ, ಒರೆಸ್ತೀವಿ" ಅಂದಿತು. ಇನ್ನೊಂದು ಗುಂಪು ಅದೇ ಕೆಲಸದ ಒಳಗೇ ರೋಗಿಗಳನ್ನು ಮಾತಾಡಿಸುತ್ತಿತ್ತು, ಬಂದವರಿಗೆ ದಾರಿ ತೋರಿಸುತ್ತಿತ್ತು. ತಾವೂ ವಾಸಿ ಮಾಡುವವರಲ್ಲಿ ಸೇರಿದವರು ಅಂತ ನಂಬಿತ್ತು. ಹೀಗೆ ಇರುವ ಕೆಲಸವನ್ನೇ ಒಳಗಿಂದ ಸ್ವಲ್ಪ ಸ್ವಲ್ಪ ತಿದ್ದಿಕೊಳ್ಳಬಹುದು. ಆದರೆ ಎಚ್ಚರ, ಸಂಬಳ ಕಡಿಮೆ ಕೊಡುವವರೂ ಇದೇ ಕಥೆ ಹೇಳಿ ಜಾಸ್ತಿ ದುಡಿಸಿಕೊಳ್ಳುತ್ತಾರೆ.

## ಕೈ ಪಳಗೋದು, ಕೈಗೆ ಬೆಲೆ ಬರೋದು

ಆ ಐದು ಗುಣ ಇರುವ ಕೆಲಸವನ್ನು ಹೊಸಬರಿಗೆ ಯಾರೂ ತಟ್ಟೆಯಲ್ಲಿಟ್ಟು ಕೊಡುವುದಿಲ್ಲ. ನಮ್ಮ ಶಾಪ್‌ನಲ್ಲೇ ನೋಡಿ. ಸಿಎನ್‌ಸಿ, ಅಂದರೆ ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕತ್ತರಿಸುವ ಮೆಷಿನ್‌ಗೆ ಹೊಸದಾಗಿ ಬಂದವನು ಆಪರೇಟರ್. ಕತ್ತರಿಸಬೇಕಾದ ಲೋಹದ ತುಂಡನ್ನು ಮೆಷಿನ್‌ಗೆ ಕಟ್ಟಬೇಕು, ಬಟನ್ ಒತ್ತಬೇಕು, ಅಳತೆ ನೋಡಬೇಕು. ಅವನ ದಿನ ಕಾಲರ್ ಹೊಲಿಯುವವಳ ದಿನದ ಹಾಗೇ ಇರುತ್ತೆ. ಅವನ ಮೇಲೆ ಸೆಟ್ಟರ್. ಯಾವ ಟೂಲ್, ಎಷ್ಟು ಆಫ್‌ಸೆಟ್ ಅಂತ ಕೂರಿಸುವವನು. ಅವನ ಮೇಲೆ ಪ್ರೋಗ್ರಾಮರ್, ಡ್ರಾಯಿಂಗ್ ನೋಡಿ ಮೆಷಿನ್‌ಗೆ ದಾರಿ ಬರೆಯುವವನು. ಮೇಲೆ ಹೋದಷ್ಟೂ ಸ್ವಾತಂತ್ರ್ಯ ಜಾಸ್ತಿ, ಕೆಲಸ ಪೂರ್ತಿಯಾಗಿ ನಮ್ಮದು. ಆಪರೇಟರ್ ಆಗಿ ಮೂರು ವರ್ಷ ಬಟನ್ ಒತ್ತಿದವನೂ ಇದ್ದಾನೆ, ಊಟದ ಹೊತ್ತಿನಲ್ಲಿ ಸೆಟ್ಟರ್ ಪಕ್ಕ ನಿಂತು ಒಂದೇ ವರ್ಷದಲ್ಲಿ ಸೆಟ್ಟಿಂಗ್ ಕಲಿತವನೂ ಇದ್ದಾನೆ.

ಬೆಲೆ ಬರುವ ಇನ್ನೊಂದು ದಾರಿ, ಎರಡು ಸಾಧಾರಣ ವಿದ್ಯೆಗಳನ್ನು ಸೇರಿಸೋದು. ಮೆಷಿನ್ ಗೊತ್ತಿರುವವರು ಬೇಕಾದಷ್ಟಿದ್ದಾರೆ. ಇಂಗ್ಲಿಷ್‌ನಲ್ಲಿ ಒಂದು ಮೇಲ್ ನೆಟ್ಟಗೆ ಬರೆಯುವವರೂ ಇದ್ದಾರೆ. ಎರಡೂ ಬರುವವರು ನಮ್ಮ ರಸ್ತೆಯಲ್ಲಿ ನಾಲ್ಕು ಜನ ಸಿಕ್ಕರೆ ಹೆಚ್ಚು. ಕಸ್ಟಮರ್ ಜೊತೆ ಮಾತಾಡೋಕೆ ಕರೆಯೋದು ಅವರನ್ನೇ.

ಎಐ ಬಂದರೆ ಏನಾಗುತ್ತೆ ಅಂತ ಚಿಕ್ಕಪ್ಪ ಕೇಳಿದ್ದರು. ಯಂತ್ರ ಮೊದಲು ಕಸಿದುಕೊಳ್ಳೋದು ಹುದ್ದೆಯನ್ನಲ್ಲ, ಹುದ್ದೆಯೊಳಗಿನ ತುಂಡುಗಳನ್ನು. ಬ್ಯಾಂಕಿಗೆ ಎಟಿಎಂ ಬಂದಾಗ ನೋಟು ಎಣಿಸಿ ಕೊಡುವ ತುಂಡು ಹೋಯಿತು, ಸಾಲಗಾರನ ಹತ್ತಿರ ಮಾತಾಡುವ ತುಂಡು ಉಳಿಯಿತು. ನಿಮ್ಮ ಮಂಗಳವಾರವನ್ನು ಹಾಗೇ ತುಂಡು ಮಾಡಿ ಬರೆಯಿರಿ. ಹೇಳಿದ್ದನ್ನು ಹಾಗೇ ಟೈಪ್ ಮಾಡುವುದು, ಒಂದು ಕಡೆಯಿಂದ ಇನ್ನೊಂದು ಕಡೆಗೆ ನಕಲು ಮಾಡುವುದು, ಇದೇ ಜಾಸ್ತಿ ಇದ್ದರೆ ಬೇರೆ ತುಂಡು ಕಲಿಯುವ ಹೊತ್ತು ಬಂದಿದೆ.

## ಕೆಲಸದ ಸುದ್ದಿ ಯಾರಿಂದ ಬರುತ್ತೆ

"ಇನ್‌ಫ್ಲುಯೆನ್ಸ್ ಇದ್ದರೇ ಕೆಲಸ" ಅನ್ನುವ ಮಾತಿದೆ. ಅರ್ಧ ನಿಜ. 1970ರ ಸುಮಾರಿಗೆ ಮಾರ್ಕ್ ಗ್ರನೊವೆಟರ್ ಅನ್ನುವ ಸಮಾಜಶಾಸ್ತ್ರಜ್ಞ ಅಮೆರಿಕದ ನ್ಯೂಟನ್ ಊರಲ್ಲಿ ಹೊಸದಾಗಿ ಕೆಲಸ ಬದಲಿಸಿದವರನ್ನು ಹಿಡಿದು ಕೇಳಿದ. ಪರಿಚಯದವರಿಂದ ಕೆಲಸ ಸಿಕ್ಕಿದ್ದರೆ, ಆ ಪರಿಚಯ ಎಷ್ಟು ಹತ್ತಿರದ್ದು? ವಾರಕ್ಕೆ ಎರಡು ಸಲವಾದರೂ ಸಿಗುವ ಆಪ್ತರಿಂದ ಬಂದದ್ದು ನೂರಕ್ಕೆ ಸುಮಾರು 17. ಅಪರೂಪಕ್ಕೆ, ಅಂದರೆ ವರ್ಷಕ್ಕೊಮ್ಮೆಯೋ ಅದಕ್ಕಿಂತ ಕಡಿಮೆಯೋ ಸಿಗುವವರಿಂದ ಸುಮಾರು 28. ಉಳಿದ 55 ಚಿಲ್ಲರೆ, ಇವೆರಡರ ನಡುವಿನ "ನಮಸ್ಕಾರ, ಹೇಗಿದ್ದೀರಿ" ಪರಿಚಯಗಳಿಂದ.

ಕಾರಣ ಸರಳ. ಆಪ್ತ ಗೆಳೆಯರು ನಿಮ್ಮ ಜೊತೆಯೇ ಟೀ ಕುಡಿಯುವವರು. ನಿಮಗೆ ಗೊತ್ತಿರೋದೇ ಅವರಿಗೂ ಗೊತ್ತು. ಹಳೇ ಕ್ಲಾಸ್‌ಮೇಟ್, ಮದುವೆಯಲ್ಲಿ ಸಿಕ್ಕ ಭಾವನ ಸಹೋದ್ಯೋಗಿ, ಮೊದಲ ಕೆಲಸದ ಸ್ಟೋರ್‌ಕೀಪರ್, ಇವರು ಓಡಾಡುವ ಓಣಿ ಬೇರೆ. ಆ ಓಣಿಯ ಸುದ್ದಿ ಬೇರೆ. 2022ರಲ್ಲಿ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲೆ ನಡೆದ ಅಧ್ಯಯನದಲ್ಲೂ ಇಂಥದ್ದೇ ಬಂತು: ತೀರಾ ಆಪ್ತರೂ ಅಲ್ಲದ, ತೀರಾ ಅಪರಿಚಿತರೂ ಅಲ್ಲದ ನಡುವಿನವರಿಂದ ಜಾಸ್ತಿ ಉಪಯೋಗ.

ಆದ್ದರಿಂದ "ಕೆಲಸ ಕೊಡಿಸಿ ಸಾರ್" ಅಂತ ಕೇಳುವ ಬದಲು ಮಂಗಳವಾರದ ಪ್ರಶ್ನೆ ಕೇಳಿ. ಕೆಲಸ ಕೊಡಿಸಿ ಅಂದರೆ ಜನ ಫೋನ್ ಎತ್ತುವುದು ಬಿಡುತ್ತಾರೆ. ನಿಮ್ಮ ಕೆಲಸದ ಬಗ್ಗೆ ಹೇಳಿ ಅಂದರೆ ಅರ್ಧ ಗಂಟೆ ನಿಲ್ಲಿಸುವುದಿಲ್ಲ. ಕೊನೆಗೆ ಅವರೇ, "ನಮ್ಮಲ್ಲಿ ಒಬ್ಬರು ಬಿಡ್ತಾ ಇದ್ದಾರೆ, ರೆಸ್ಯೂಮೆ ಕಳಿಸು" ಅಂತಾರೆ. ಹಾಗೇ ಆಗುತ್ತೆ ಅಂತ ಗ್ಯಾರಂಟಿ ಇಲ್ಲ, ಆದರೆ ತುಂಬಾ ಸಲ ಆಗಿದ್ದನ್ನು ನೋಡಿದ್ದೇನೆ.

ಒಂದು ಮಾತು ಜೋರಾಗಿ ಹೇಳಬೇಕು. ಕೆಲಸ ಕೊಡೋಕೆ ಮುಂಚೆ ಡಿಪಾಸಿಟ್, ಟ್ರೈನಿಂಗ್ ಫೀಸ್, ಲ್ಯಾಪ್‌ಟಾಪ್ ಚಾರ್ಜ್ ಅಂತ ದುಡ್ಡು ಕೇಳಿದರೆ ಅಲ್ಲೇ ಬಿಟ್ಟು ಬನ್ನಿ.

## ಸರ್ಕಾರಿ ಪರೀಕ್ಷೆಗೆ ಎಷ್ಟು ವರ್ಷ

ಧಾರವಾಡದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ರೂಮ್ ಮಾಡಿಕೊಂಡು ಓದುತ್ತಿರುವವರನ್ನು ನೋಡಿದರೆ ನನಗೆ ಗೌರವವೂ ಇದೆ, ಸಂಕಟವೂ ಆಗುತ್ತೆ. 2023ರ ಯುಪಿಎಸ್‌ಸಿ ಸಿವಿಲ್ ಸರ್ವಿಸ್ ಪರೀಕ್ಷೆಗೆ ಅರ್ಜಿ ಹಾಕಿದವರು 10 ಲಕ್ಷಕ್ಕೂ ಜಾಸ್ತಿ. ಪ್ರಿಲಿಮ್ಸ್ ಬರೆದವರು ಸುಮಾರು 6 ಲಕ್ಷ. ಕೊನೆಗೆ ಆಯ್ಕೆಯಾದವರು 1,016. ಇದು ಯಾರೂ ಬರೆಯಬೇಡಿ ಅನ್ನೋಕೆ ಹೇಳಿದ ಲೆಕ್ಕ ಅಲ್ಲ. ಬರೆಯುವ ಮುಂಚೆ ಎರಡು ಸಾಲು ಚೀಟಿಯಲ್ಲಿ ಬರೆದಿಡಿ: ಎಷ್ಟು ಸಲ ಪ್ರಯತ್ನ ಮಾಡ್ತೀನಿ, ಆಗದಿದ್ದರೆ ಯಾವ ಕೆಲಸಕ್ಕೆ ಹೋಗ್ತೀನಿ. ಮನಸ್ಸು ಗಟ್ಟಿಯಾಗಿರುವಾಗಲೇ ಬರೆಯಬೇಕು. ಮೂರನೇ ಸಲ ಎರಡು ಮಾರ್ಕ್ಸಿನಲ್ಲಿ ತಪ್ಪಿದ ಸಂಜೆ ಬರೆಯೋಕೆ ಕೂತರೆ "ಇನ್ನೊಂದೇ ಸಲ" ಅನ್ನುವುದು ಬಿಟ್ಟು ಬೇರೆ ಏನೂ ಬರುವುದಿಲ್ಲ. ಇಷ್ಟು ವರ್ಷ ಹಾಕಿದ್ದೇನಲ್ಲ, ಈಗ ಹೇಗೆ ಬಿಡೋದು ಅನ್ನುವ ಯೋಚನೆ ಎಲ್ಲರನ್ನೂ ಕಾಡುತ್ತೆ. ಆದರೆ ಹೋದ ವರ್ಷಗಳು ಬಿಟ್ಟರೂ ವಾಪಸ್ ಬರಲ್ಲ, ಹಿಡಿದರೂ ಬರಲ್ಲ.

## ಆಫರ್ ಲೆಟರ್ ಓದೋದು

ತಮ್ಮ ಹೀಗೇ ಕೇಳುತ್ತಾ ಕೇಳುತ್ತಾ ಹೋದ. ನಮ್ಮ ಹಳೇ ಸಪ್ಲೈಯರ್ ಒಬ್ಬರ ಮಗಳು, ಆಸ್ಪತ್ರೆಗಳಿಗೆ ಬಿಲ್ಲಿಂಗ್ ಮತ್ತು ಲ್ಯಾಬ್ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಕಂಪನಿಯಲ್ಲಿದ್ದಾರೆ. ಅಲ್ಲಿ ಇಂಪ್ಲಿಮೆಂಟೇಷನ್ ಅಂತ ಒಂದು ಕೆಲಸ. ಆಸ್ಪತ್ರೆಗೆ ಹೋಗಿ ಸಾಫ್ಟ್‌ವೇರ್ ಹಾಕಿಕೊಡಬೇಕು, ಅಲ್ಲಿಯವರಿಗೆ ಕಲಿಸಬೇಕು, ತೊಂದರೆ ಬಂದರೆ ಬಿಡಿಸಬೇಕು. ಅವನು ಎರಡು ದಿನ ಅವರ ಜೊತೆ ತುಮಕೂರಿಗೆ ಹೋಗಿ ಬಂದ. ಮೂರನೇ ದಿನ ಅರ್ಜಿ ಹಾಕಿದ. ಆಫರ್ ಬಂತು, ವರ್ಷಕ್ಕೆ 3,60,000 ಸಿಟಿಸಿ.

ಮನೆಯಲ್ಲಿ ತಿಂಗಳಿಗೆ 30 ಸಾವಿರ ಅಂತ ಹಬ್ಬ ಆಯಿತು. ನಾನು ಕೂತು ಲೆಕ್ಕ ಬಿಡಿಸಿದೆ. ಸಿಟಿಸಿ ಅಂದರೆ ನಿಮಗಾಗಿ ಕಂಪನಿಗೆ ತಗಲುವ ಒಟ್ಟು ಖರ್ಚು. ಅದೆಲ್ಲ ನಿಮ್ಮ ಅಕೌಂಟಿಗೆ ಬರಲ್ಲ. ಅವನ ಮೂಲ ವೇತನ 15,000. ಅದರ ನೂರಕ್ಕೆ 12, ಅಂದರೆ 1,800, ಕಂಪನಿ ಕಟ್ಟುವ ಪಿಎಫ್. ಅದು 30 ಸಾವಿರದ ಒಳಗೇ ಸೇರಿದೆ. ಗ್ರಾಚ್ಯುಟಿ ಲೆಕ್ಕಕ್ಕೆ ಸುಮಾರು 720. ಕಾಯಂ ನೌಕರರಿಗೆ ಸಾಮಾನ್ಯವಾಗಿ ಐದು ವರ್ಷ ಮುಗಿಸಿ ಬಿಟ್ಟಾಗ ಸಿಗುವ ದುಡ್ಡು ಅದು. ಇನ್ಶೂರೆನ್ಸ್ 500. ವೇರಿಯಬಲ್ ಪೇ ತಿಂಗಳಿಗೆ 3,000 ಅಂತ ತೋರಿಸಿದ್ದಾರೆ, ಆದರೆ ಅದು ವರ್ಷಕ್ಕೊಮ್ಮೆ, ಅದೂ ಕಂಪನಿ ಮತ್ತು ನಿಮ್ಮ ಕೆಲಸ ನೋಡಿ. ಉಳಿದದ್ದು ಸುಮಾರು 23,980. ಅದರಲ್ಲಿ ಅವನ ಪಾಲಿನ ಪಿಎಫ್ 1,800 ಕಳೆದರೆ ಕೈಗೆ 22 ಸಾವಿರ ಚಿಲ್ಲರೆ. ಪಿಎಫ್ ಎಲ್ಲೂ ಹೋಗಲ್ಲ, ಎರಡೂ ಕಡೆಯದು ಅವನ ಹೆಸರಲ್ಲೇ ಇರುತ್ತೆ, ಕಂಪನಿ ಪಾಲಿನ ದೊಡ್ಡ ಭಾಗ ಪಿಂಚಣಿ ಖಾತೆಗೆ. ಕೆಲಸ ಬದಲಿಸಿದರೂ ಯುಎಎನ್ ಅನ್ನುವ ಪಿಎಫ್ ಗುರುತಿನ ನಂಬರ್ ಅದೇ, ಹಾಗಾಗಿ ಪ್ರತಿ ಸಲ ಹಣ ತೆಗೆಯದೆ ಹೊಸ ಕಂಪನಿಗೆ ವರ್ಗ ಮಾಡಿಸಿಕೊಳ್ಳೋದು ಒಳ್ಳೆಯದು.

ಇನ್ನೆರಡು ಸಾಲು ಸಣ್ಣ ಅಕ್ಷರದಲ್ಲಿ ಇರುತ್ತವೆ. ನೋಟಿಸ್ ಪೀರಿಯಡ್, ಅಂದರೆ ಬಿಡ್ತೀನಿ ಅಂದ ಮೇಲೆ ಎಷ್ಟು ದಿನ ಇರಬೇಕು ಅಂತ. 90 ದಿನ ಇದ್ದರೆ ಮುಂದಿನ ಕಂಪನಿ ಕಾಯೋಕೆ ಒಪ್ಪದೇ ಇರಬಹುದು. ಇನ್ನೊಂದು ಬಾಂಡ್, ಇಷ್ಟು ವರ್ಷದೊಳಗೆ ಬಿಟ್ಟರೆ ಇಷ್ಟು ಕಟ್ಟಬೇಕು ಅನ್ನುವ ಕರಾರು. ನನ್ನ ಮೊದಲ ಕೆಲಸದಲ್ಲಿ ಇದನ್ನು ಓದದೆ ಸಹಿ ಹಾಕಿ, ಒರಿಜಿನಲ್ ಮಾರ್ಕ್ಸ್ ಕಾರ್ಡನ್ನೂ ಕೊಟ್ಟು, ಅದನ್ನು ವಾಪಸ್ ಪಡೆಯೋಕೆ ಒಂದು ವರ್ಷ ಅಲೆದಿದ್ದೇನೆ. ಒರಿಜಿನಲ್ ತೋರಿಸಿ, ಕೊಟ್ಟು ಬರಬೇಡಿ.

ತಮ್ಮ ಸೇರಿ ನಾಲ್ಕು ತಿಂಗಳಾಯಿತು. ಹೋದ ಮಂಗಳವಾರ ಬೇಕಂತಲೇ ಹನ್ನೊಂದು ಗಂಟೆಗೆ ಫೋನ್ ಮಾಡಿದೆ. ಶಿವಮೊಗ್ಗದ ಒಂದು ಆಸ್ಪತ್ರೆಯ ಬಿಲ್ಲಿಂಗ್ ಕೌಂಟರ್ ಹಿಂದೆ ನಿಂತು, ನಿವೃತ್ತಿಗೆ ಎರಡು ವರ್ಷ ಇರುವ ಕ್ಯಾಷಿಯರ್ ಒಬ್ಬರಿಗೆ ಹೊಸ ಪರದೆಯಲ್ಲಿ ರಸೀದಿ ತೆಗೆಯೋದು ಹೇಳಿಕೊಡುತ್ತಿದ್ದ. ಹಿಂದೆ ಯಾರೋ ಟೋಕನ್ ನಂಬರ್ ಕೂಗುತ್ತಿದ್ದರು. "ಅಣ್ಣ, ಆಮೇಲೆ ಮಾಡ್ತೀನಿ, ಸರ್ವರ್ ಡೌನ್ ಆಗಿದೆ, ಎಲ್ಲಾ ಬೈತಾ ಇದ್ದಾರೆ" ಅಂದು ಇಟ್ಟ. ದನಿಯಲ್ಲಿ ಬೇಜಾರು ಕಾಣಲಿಲ್ಲ. ಸಂಜೆ ಚಿಕ್ಕಪ್ಪನಿಗೆ ಈ ವಿಷಯ ಹೇಳಿದೆ. ಎಲ್ಲ ಕೇಳಿಸಿಕೊಂಡು, "ಅದು ಸರಿ, ಅವನಿಗೆ ಎಸಿ ಇರೋ ಆಫೀಸು ಯಾವಾಗ ಕೊಡ್ತಾರಂತೆ?" ಅಂದರು.